ತಲೆದಿಂಬಿನೊಳಗಿನ ಉಪ್ಪುನೀರು

ಎರಡು ವರ್ಷ ಬಳಸಿದ ತಲೆದಿಂಬಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಸತ್ತ ಹುಳುಗಳದ್ದೂ ಅವುಗಳ ಹಿಕ್ಕೆಯದ್ದೂ ಆಗಿರುತ್ತದೆ ಎಂಬ ಮಾತು ಹಾಸಿಗೆ-ದಿಂಬುಗಳ ಜಾಹೀರಾತಿನಲ್ಲಿಯೂ ಮೊಬೈಲ್ ಸಂದೇಶಗಳಲ್ಲಿಯೂ ಬಹುಕಾಲದಿಂದ ಹರಿದಾಡುತ್ತಿದ್ದು, ಅದನ್ನು ಓದಿದವರು ಗಾಬರಿಗೊಂಡು ಹಳೆಯ ದಿಂಬನ್ನು ಬಿಸಾಡುವರೇ ಹೊರತು ಲೆಕ್ಕ ಹಾಕಿ ನೋಡುವುದಿಲ್ಲ. ಲೆಕ್ಕವೇನೋ ಸುಲಭದ್ದೇ. ಈ ಮಾತಿನಲ್ಲಿ ಹುಳುವೆಂದು ಕರೆಯಿಸಿಕೊಳ್ಳುವ ಜೀವಿ ಧೂಳುನುಸಿ. ಅದರ ಉದ್ದ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು, ಮತ್ತು ಒಂದು ಮಿಲಿಗ್ರಾಂ ತೂಗಲು ಅಂಥವು ನೂರಾದರೂ ಬೇಕು. ಒಂದು ಕಿಲೋ ತೂಕದ ದಿಂಬಿನಲ್ಲಿ ನೂರು ಗ್ರಾಂ ನುಸಿಯಿರಬೇಕಾದರೆ ಅವುಗಳ ಸಂಖ್ಯೆ ಒಂದು ಕೋಟಿಯನ್ನು ಮುಟ್ಟಬೇಕಾಗುತ್ತದೆ. ಆದರೆ ಮನೆಯ ಧೂಳಿನ ಒಂದು ಗ್ರಾಮಿನಲ್ಲಿ ಸಿಗುವ ನುಸಿಗಳು ಸಾಮಾನ್ಯವಾಗಿ ನೂರರ ಲೆಕ್ಕದಲ್ಲಿ, ತೀರ ತೇವದ ಮನೆಗಳಲ್ಲಿ ಸಾವಿರದ ಲೆಕ್ಕದಲ್ಲಿ ಇರುತ್ತವೆ. ಹತ್ತರಲ್ಲೊಂದು ಪಾಲು ಎಂಬುದು ಮಾರಾಟಗಾರರ ಗಣಿತ.

ಇದರಿಂದ ದಿಂಬು ನಿರಪಾಯವೆಂದು ತಿಳಿಯಬೇಕಾಗಿಲ್ಲ. ತೆಂಗಿನ ಕಾಯಿಗೆ ಕಾಟ ಕೊಡುವ ನುಸಿಯ ದೂರದ ಬಂಧುವೂ ಎಂಟು ಕಾಲುಗಳ ಜೇಡ ವರ್ಗಕ್ಕೆ ಸೇರಿದುದೂ ಆದ ಧೂಳುನುಸಿಯೇ ಮನೆಧೂಳಿನಿಂದ ಬರುವ ಉಬ್ಬಸಕ್ಕೆ ಮುಖ್ಯ ಕಾರಣವೆಂದು ನೆದರ್‌ಲೆಂಡ್ಸಿನ ಲೈಡನ್ ನಗರದಲ್ಲಿ ವೂರ್‌ಹಾರ್ಸ್ಟ್, ಸ್ಪೀಕ್ಸ್ಮಾ ಮತ್ತು ಅವರ ಸಹೋದ್ಯೋಗಿಗಳು 1964ರಲ್ಲಿ ತೋರಿಸಿಕೊಟ್ಟರು. ಅದು ಕಚ್ಚುವುದಿಲ್ಲ, ರಕ್ತ ಹೀರುವುದೂ ಇಲ್ಲ; ಬೆಳಗ್ಗೆ ಎದ್ದಾಗ ಕುತ್ತಿಗೆಯ ಮೇಲೆ ಸಾಲಾಗಿ ದದ್ದುಗಳೆದ್ದಿದ್ದರೆ ತಿಗಣೆಯನ್ನು ಹುಡುಕಬೇಕೇ ಹೊರತು ನುಸಿಯನ್ನಲ್ಲ. ಮನುಷ್ಯರ ಮೈಯಿಂದ ದಿನವೂ ಉದುರುವ ಒಣಚರ್ಮದ ಹುಡಿ ಅದರ ಆಹಾರ, ಮತ್ತು ದಿಂಬಿನಲ್ಲಿ ಈ ಆಹಾರಕ್ಕೆ ಎಂದೂ ಕೊರತೆಯಿಲ್ಲ.

ನೀರಿನ ಪ್ರಶ್ನೆ ಮಾತ್ರ ಬೇರೆ, ಮತ್ತು ಈ ಜೀವಿಯ ನಿಜವಾದ ಸೋಜಿಗವಿರುವುದು ಅಲ್ಲಿಯೇ. ಧೂಳುನುಸಿಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ ಆಗಿದ್ದರೂ ಅದು ವಾಸಿಸುವ ಅರಳೆಯ ನಡುವೆ ಒಂದು ಹನಿ ನೀರೂ ಇರುವುದಿಲ್ಲ. ತಿನ್ನುವ ಚರ್ಮದ ಹುಡಿಯೂ ಒಣಗಿದ್ದೇ. ಅದು ನೀರನ್ನು ಗಾಳಿಯಿಂದಲೇ ಕುಡಿಯುತ್ತದೆ. ಅದರ ಮುಂಗಾಲುಗಳ ಬುಡದ ಮೇಲ್ಗಡೆ ಒಂದು ಜೊತೆ ಗ್ರಂಥಿಗಳಿದ್ದು, ಅವುಗಳಿಂದ ಸೋಡಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಲವಣಗಳು ಬೆರೆತ ಗಟ್ಟಿ ದ್ರಾವಣ ಜಿನುಗುತ್ತದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ತಾನಾಗಿಯೇ ನೀರೊಡೆಯುವಂತೆ ಈ ದ್ರಾವಣವೂ ತೇವದ ಗಾಳಿಯಿಂದ ಆವಿಯನ್ನು ಎಳೆದುಕೊಂಡು ತೆಳುವಾಗಿ, ದೇಹದ ಬದಿಯಲ್ಲಿರುವ ಸಣ್ಣ ಕಾಲುವೆಯೊಂದರ ಮೂಲಕ ಬಾಯಿಗೆ ಹರಿಯುತ್ತದೆ. ಉಪ್ಪು ಮತ್ತೆ ದೇಹದೊಳಕ್ಕೆ ಸೇರಿ ಮುಂದಿನ ಸುತ್ತಿಗೆ ಒದಗುತ್ತದೆ. ಗಾಳಿ ಒಣಗಿದಾಗ ಅದೇ ದ್ರಾವಣ ಹರಳುಗಟ್ಟಿ ಗ್ರಂಥಿಯ ಬಾಯಿಗೆ ಬಿರಡೆಯಂತೆ ಕೂರುವುದರಿಂದ ಒಳಗಿನ ನೀರು ಆರಿಹೋಗುವುದೂ ತಕ್ಕಮಟ್ಟಿಗೆ ತಪ್ಪುತ್ತದೆ. ಪಂಪಿಲ್ಲದೆ, ಕವಾಟವಿಲ್ಲದೆ, ಅಡುಗೆಮನೆಯ ಉಪ್ಪಿನ ಗುಣವೊಂದನ್ನೇ ನಂಬಿ ನಡೆಯುವ ಇಂಥ ನೀರಾವರಿಯನ್ನು ಯಾವ ಎಂಜಿನಿಯರನೂ ಮೆಚ್ಚಬೇಕು.

ಈ ಏರ್ಪಾಡು ಕೆಲಸ ಮಾಡಲು ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಡಬಲ್ಲ ಆವಿಯಲ್ಲಿ ವಾಸ್ತವವಾಗಿ ಇರುವ ಪಾಲು, ಶೇ. 70ರ ಆಸುಪಾಸಿಗೆ ಏರಬೇಕು, ಶೇ. 50ಕ್ಕಿಂತ ಕೆಳಗೆ ಬಹುಕಾಲ ಉಳಿದರೆ ನುಸಿ ಒಣಗಿ ಸಾಯುತ್ತದೆ. ಆದರೆ ದಿನವಿಡೀ ತೇವ ಬೇಕಾಗಿಲ್ಲ, ಕೆಲವೇ ಗಂಟೆ ಸಿಕ್ಕರೂ ಸಾಕು, ಮತ್ತು ಮಲಗಿದವರ ಉಸಿರೂ ಬೆವರೂ ದಿಂಬಿಗೆ ಅದನ್ನು ರಾತ್ರಿಯೆಲ್ಲ ಧಾರಾಳವಾಗಿ ಒದಗಿಸುತ್ತವೆ. ಕರಾವಳಿಯ ಆಷಾಢದಲ್ಲಿ ಹಗಲಿನ ಗಾಳಿಯೂ ನುಸಿಗೆ ಅನುಕೂಲವೇ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಅದಕ್ಕೆ ಮರಣಶಾಸನ. ಎದ್ದ ಕೂಡಲೇ ಹಾಸಿಗೆಯನ್ನು ದಪ್ಪ ಹೊದಿಕೆಯಿಂದ ಮುಚ್ಚಿ ಅಚ್ಚುಕಟ್ಟಾಗಿಸುವ ಅಭ್ಯಾಸ, ನೋಡಲು ಎಷ್ಟೇ ಚೆನ್ನಾಗಿದ್ದರೂ, ರಾತ್ರಿಯ ತೇವವನ್ನು ನುಸಿಗೆಂದು ಕಾಪಿಟ್ಟ ಹಾಗೆಯೇ.

ಒಗೆಯುವುದರ ವಿಷಯದಲ್ಲಿ ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಬೇಕು. ಅಲರ್ಜಿಗೆ ಕಾರಣವಾಗುವ ವಸ್ತು ನುಸಿಗಿಂತ ಹೆಚ್ಚಾಗಿ ಅದರ ಹಿಕ್ಕೆಯಲ್ಲಿದೆಯೆಂದು 1981ರಲ್ಲಿ ಟೋವಿ, ಚಾಪ್‌ಮನ್ ಮತ್ತು ಪ್ಲಾಟ್ಸ್-ಮಿಲ್ಸ್ ತೋರಿಸಿದರು. ಡೆರ್ ಪಿ 1 ಎಂದು ಹೆಸರಾದ ಅದು ನುಸಿಯ ಜೀರ್ಣಕ್ರಿಯೆಯ ಕಿಣ್ವ, ಪ್ರೋಟೀನುಗಳನ್ನು ತುಂಡರಿಸುವುದೇ ಅದರ ಕಸುಬಾದುದರಿಂದ ಶ್ವಾಸನಾಳದ ಒಳಪದರದ ಬೆಸುಗೆಗಳನ್ನೂ ಸಡಿಲಿಸಬಲ್ಲದು. ಈ ಕಿಣ್ವ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ತಣ್ಣೀರಿನಲ್ಲಿ ಒಗೆದರೂ ಬಹುಪಾಲು ಹೋಗುತ್ತದೆ. ಆದರೆ ನುಸಿ ಬಟ್ಟೆಯ ಎಳೆಗಳನ್ನು ಅವುಚಿಕೊಂಡು ತಣ್ಣೀರನ್ನೂ ಸೋಪಿನ ಪುಡಿಯನ್ನೂ ದಾಟಿ ಬದುಕುತ್ತದೆ. ನೀರಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಎಲ್ಲವೂ ಸಾಯುತ್ತವೆಯೆಂದು ಮೆಕ್‌ಡೊನಾಲ್ಡ್ ಮತ್ತು ಟೋವಿ 1992ರಲ್ಲಿ ಪ್ರಕಟಿಸಿದರು. ದಿಂಬಿನ ಗವಸನ್ನು ವಾರಕ್ಕೊಮ್ಮೆ ಇಂಥ ಬಿಸಿನೀರಿನಲ್ಲಿ ಒಗೆಯುವುದು ಕಷ್ಟವಲ್ಲ. ಪಾಲಿಯೆಸ್ಟರ್ ತುಂಬಿದ ದಿಂಬನ್ನು, ಅದರ ಚೀಟಿಯಲ್ಲಿ ಅನುಮತಿಯಿದ್ದರೆ, ಯಂತ್ರಕ್ಕೆ ಹಾಕಬಹುದು; ಫೋಮಿನದನ್ನು ಹಾಕಬಾರದು. ಒಗೆದ ದಿಂಬು ಮೇಲೆ ಗರಿಗರಿಯಾಗಿದ್ದರೂ ನಡುವನ್ನು ಅದುಮಿ ಹಿಡಿದಾಗ ಅಂಗೈಗೆ ತಣ್ಣಗೆ ತಾಗಿದರೆ ಅಲ್ಲಿ ನೀರು ಇನ್ನೂ ಆವಿಯಾಗುತ್ತಿದೆಯೆಂದೇ ಅರ್ಥ, ಅಂಥದನ್ನು ಹಾಸಿಗೆಗೆ ಮರಳಿಸಿದರೆ ನುಸಿಯ ಜೊತೆಗೆ ಬೂಷ್ಟಿಗೂ ಆಹ್ವಾನ ಕೊಟ್ಟಂತಾಗುತ್ತದೆ.

ಅರಳೆಯ ಅಥವಾ ಬೂರುಗದ ದಿಂಬನ್ನು ನೀರಿಗೆ ಹಾಕುವಂತಿಲ್ಲ, ಅದು ಗಂಟುಗಟ್ಟುತ್ತದೆ. ಪಿಂಜಾರರಿಂದ ಹಳೆಯ ಅರಳೆಯನ್ನು ಬಿಚ್ಚಿ ಬಿಲ್ಲಿನಿಂದ ಹಿಂಜಿಸಿ ಮತ್ತೆ ತುಂಬಿಸುವ ಪದ್ಧತಿಯಿಂದ ಧೂಳು ಉದುರುತ್ತಿತ್ತು, ಅರಳೆಗೆ ಗಾಳಿಯೂ ತಾಗುತ್ತಿತ್ತು. ಬಿಸಿಲಿಗೆ ಹಾಕುವುದೂ ಸರಿಯೇ, ಆದರೆ ಅರ್ಧ ಗಂಟೆಯ ಶಾಸ್ತ್ರದಿಂದ ಪ್ರಯೋಜನವಿಲ್ಲ: ಮೇಲ್ಮೈ ಕಾದಾಗ ನುಸಿ ತಂಪಾದ ಒಳಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ಇಡೀ ಹಗಲು ಮಗುಚಿ ಹಾಕುತ್ತ ಒಣಗಿಸಬೇಕು. ಬಿಸಿಲು ನುಸಿಯನ್ನು ಕೊಂದರೂ ಹಿಕ್ಕೆ ಅಲ್ಲಿಯೇ ಉಳಿಯುತ್ತದೆ. ಮಗು ರಾತ್ರಿ ಕೆಮ್ಮಿ ಬೆಚ್ಚಿ ಏಳುವುದನ್ನು ದೃಷ್ಟಿಯೆಂದು ಬಗೆದು ದಿಂಬಿನಡಿ ಕಬ್ಬಿಣದ ತುಂಡು ಇಡುವವರು ಕಬ್ಬಿಣವನ್ನು ಬಿಟ್ಟು ದಿಂಬನ್ನೇ ನೋಡಿದ್ದರೆ ಎಷ್ಟೋ ಮಕ್ಕಳಿಗೆ ಉಪಕಾರವಾಗುತ್ತಿತ್ತು.

ದಿಂಬಿಗೆ ಜಿಪ್ಪಿನ ಒಳಗವಸು ಹಾಕಿ ರಕ್ಷಿಸುವ ಉಪಾಯದಲ್ಲಿ ನೇಯ್ಗೆಯ ರಂಧ್ರಗಳು 10 ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ, ಕಿರಿದಾಗಿದ್ದರೆ ಹಿಕ್ಕೆಯೂ ನುಸಿಯೂ ಹಾಯಲಾರವು. ಹಕ್ಕಿಯ ಗರಿ ತುಂಬಿದ ದಿಂಬು ಉಬ್ಬಸದವರಿಗೆ ಆಗದೆಂದು ಪಾಶ್ಚಾತ್ಯ ವೈದ್ಯರು ಬಹುಕಾಲ ಹೇಳುತ್ತಿದ್ದರೂ, ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ 1996ರಲ್ಲಿ ಅಳೆದಾಗ ಪಾಲಿಯೆಸ್ಟರ್ ದಿಂಬುಗಳಲ್ಲಿಯೇ ಡೆರ್ ಪಿ 1 ಹಲವು ಪಟ್ಟು ಹೆಚ್ಚಾಗಿ ಸಿಕ್ಕಿದುದಕ್ಕೆ ನೇಯ್ಗೆಯೇ ಕಾರಣವೆಂದು ತೋರುತ್ತದೆ: ಗರಿ ಹೊರಗೆ ಚುಚ್ಚದಂತೆ ಬಿಗಿಯಾಗಿ ನೇಯ್ದ ಬಟ್ಟೆ ನುಸಿಗೂ ಅಡ್ಡಿಯಾಗಿತ್ತು. ಹಾಗೆಂದು ಒಳಗವಸನ್ನು ಔಷಧಿಯಂತೆ ಮಾರುವುದು ನ್ಯಾಯವಲ್ಲ. ಬ್ರಿಟನ್ನಿನ 1,122 ಮಂದಿ ವಯಸ್ಕ ಉಬ್ಬಸ ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂಥ ಗವಸು ಹಾಕಿದವರಿಗೂ ಸಾಮಾನ್ಯ ಗವಸು ಹಾಕಿದವರಿಗೂ ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸೋಫಾ, ಜಮಖಾನೆಗಳಲ್ಲೆಲ್ಲ ನುಸಿಯಿರುವಾಗ ಒಂದೆಡೆ ಮಾತ್ರ ತಡೆದರೆ ಉಸಿರಿಗೆ ಸೇರುವ ಕಿಣ್ವ ಸಾಕಷ್ಟು ತಗ್ಗದಿರುವುದು ಅಸಹಜವೇನಲ್ಲ.