ನಂದಿ ಇಳಿಯೋ ಬ್ರೇಕಿಗೆ ಎಷ್ಟು ಬಿಂದಿಗೆ ಬಿಸಿ?

ಇಳಿಜಾರಿನಲ್ಲಿ ಗಾಡಿ ಪಲ್ಟಿ ಹೊಡೆದರೆ ನಮ್ಮ ಪತ್ರಿಕೆಗಳಲ್ಲಿ ಒಂದೇ ಒಕ್ಕಣೆ: 'ಬ್ರೇಕ್ ಫೇಲಾಗಿ ಚಾಲಕನ ಹತೋಟಿ ತಪ್ಪಿತು'. ನಾನೂ ಎಷ್ಟೋ ಸಲ ಹಾಗೇ ಬರೆದು ಕೈತೊಳೆದುಕೊಂಡಿದ್ದೇನೆ. ಆದರೆ ಬ್ರೇಕು ಆ ಗಳಿಗೇಲೇ ಫೇಲಾಯ್ತಾ? ಇಲ್ಲ, ತಿಂಗಳುಗಟ್ಟಲೆಯಿಂದ ಒಳಗೊಳಗೇ ಸಾಯ್ತಾ ಇತ್ತಾ?

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1478 ಮೀಟರು. ಅಲ್ಲಿಂದ ಬುಡಕ್ಕೆ ಸುಮಾರು 500 ಮೀಟರು ಇಳಿತ ಅಂತಿಟ್ಟುಕೊಳ್ಳಿ. 10 ಟನ್ ತೂಗುವ ಬಸ್ಸು ಅಷ್ಟು ಇಳಿದರೆ ಹುಟ್ಟುವ ಶಾಖಕ್ಕೆ 150 ಲೀಟರ್ ತಣ್ಣೀರು ಕುದಿಬರುತ್ತೆ. ಹತ್ತು ಬಿಂದಿಗೆ ನೀರು, ಸ್ವಾಮಿ! ಒಂದಷ್ಟು ಪಾಲನ್ನು ಎಂಜಿನ್ನು, ಗಾಳಿ ಹೊತ್ತುಕೊಳ್ತವೆ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ಲಿಗೆ ಹಾಕಿ ಬಿಟ್ಟರೆ ಎಂಜಿನ್ನಿನ ಪಾಲೂ ಬ್ರೇಕಿನ ತಲೆಗೇ.

ಯುರೋಪಿನ ಇ.ಸಿ.ಇ. 13ನೇ ನಿಯಮದಲ್ಲಿ ಭಾರಿ ವಾಹನಕ್ಕೆ ಒಂದು ಇಳಿಜಾರಿನ ಪರೀಕ್ಷೆ ಇದೆ. ನೂರು ಮೀಟರಿಗೆ 6 ಮೀಟರು ಇಳಿತ, 6 ಕಿಲೋಮೀಟರು ದೂರ, ಗಂಟೆಗೆ 30 ಕಿಲೋಮೀಟರು ವೇಗ. ಗುಣಿಸಿ ನೋಡಿದರೆ ಒಟ್ಟು ಇಳಿತ 360 ಮೀಟರು. ನಮ್ಮ ನಂದಿ ಅದಕ್ಕಿಂತ ಗಟ್ಟಿ ಮೇಷ್ಟ್ರು.

ಈಗ ಬ್ರೇಕ್ ತಯಾರಕರು ಡ್ರಮ್ ಎರಕ ಹೊಯ್ಯೋಕೆ ಮುಂಚೆಯೇ ಅದನ್ನು ಕಂಪ್ಯೂಟರಿನಲ್ಲಿ ಸುಟ್ಟು ನೋಡ್ತಾರೆ. ಡ್ರಮ್ಮಿನ ಚಿತ್ರವನ್ನು ಸಾವಿರಾರು ಚೂರು ಮಾಡಿ, ಒಂದೊಂದು ಚೂರಿಗೂ ಎಷ್ಟು ಬಿಸಿ ಬಂತು, ಪಕ್ಕದ ಚೂರು ಅದನ್ನ ಎಷ್ಟು ಅದುಮಿತು, ಎಷ್ಟು ಎಳೆಯಿತು ಅಂತ ಲೆಕ್ಕ. ಆಮೇಲೆ ನಿಜವಾದ ಡ್ರಮ್ಮನ್ನು ಭಾರದ ಚಕ್ರವಿರುವ ಡೈನಮೋಮೀಟರಿಗೆ ಕಟ್ಟಿ, ಬ್ರೇಕ್ ಒತ್ತಿ ಒತ್ತಿ ತಾಳೆ ನೋಡೋದು.

ಈ ಲೆಕ್ಕ ತೋರಿಸುವ ಸಂಗತಿ ಕಣ್ಣಿಗೆ ಕಾಣದ್ದು. ಬ್ರೇಕ್ ಒತ್ತಿದಾಗ ಡ್ರಮ್ಮಿನ ಒಳಮೈ ಕಾದು ಹಿಗ್ಗಬೇಕು ಅನ್ನುತ್ತೆ. ಹೊರಮೈ ಇನ್ನೂ ತಣ್ಣಗಿದ್ದು ಬಿಡೋದಿಲ್ಲ. ಒಳಮೈ ಇದ್ದಲ್ಲೇ ನಜ್ಜಾಗುತ್ತೆ. ತಣಿದಾಗ ಅದಕ್ಕೆ ಅಳತೆ ಸಾಲದೆ ಎಳೆತ ಶುರು. ಹೀಗೇ ಸಾವಿರ ಸಲ ಆದಮೇಲೆ ಕೂದಲೆಳೆ ಬಿರುಕು. ಇದೇ ಲೋಹದ ದಣಿವು. ಒಂದು ದಿನದ ದೊಡ್ಡ ಬಿಸಿಗಿಂತ ದಿನದಿನದ ಕಾಯೋದು, ಆರೋದು ಹೆಚ್ಚು ಕೊಲ್ಲುತ್ತೆ. ಹೊಗೆ ಬಂತು ಅಂತ ಡ್ರಮ್ಮಿಗೆ ಬಕೆಟ್ ನೀರು ಎರಚುವವರು ಕಾದ ಬೀಡಿನ ಕಾವಲಿಗೆ ತಣ್ಣೀರು ಹೊಯ್ದರೆ ಏನಾಗುತ್ತೆ ಅಂತ ಮನೇಲಿ ಕೇಳಲಿ.

ನಾವು ಬೆಟ್ಟ ಹತ್ತೋದೇ ಇಲ್ಲ ಅಂತ ಚಿಂತಾಮಣಿಯ ಟೊಮೆಟೊ ಲಾರಿಯವರು, ಚಿಕ್ಕಬಳ್ಳಾಪುರದ ಜಲ್ಲಿ ಟಿಪ್ಪರಿನವರು ನಗಬೇಕಿಲ್ಲ. 28 ಟನ್ ಟಿಪ್ಪರು 60ರ ವೇಗದಿಂದ ಒಂದು ಸಲ ಪೂರ್ತಿ ನಿಂತರೆ 12 ಲೀಟರ್ ನೀರು ಕುದಿಯೋ ಶಾಖ. ಶಿಡ್ಲಘಟ್ಟದ ದಾರೀಲಿ, ಗೌರಿಬಿದನೂರಿನ ದಾರೀಲಿ ಹಂಪು ಎಷ್ಟಿವೆ ಅಂತ ಅವರೇ ಎಣಿಸಲಿ. ಗೌರಿಬಿದನೂರಿನ ಮೇಲೆ ಹೋಗುವ ಗೂಡ್ಸ್ ರೈಲಿಗಂತೂ ಬ್ರೇಕಿನ ಕಟ್ಟೆ ಗಾಲಿಯನ್ನೇ ಒತ್ತುತ್ತೆ, ಕಾಯೋದು ಗಾಲಿಯೇ.

ಲೇತಿನ ಮಾತು ಬೇರೆ ಇದೆ. ಸವೆದ ಡ್ರಮ್ಮನ್ನು ಮತ್ತೆ ಮತ್ತೆ ಟರ್ನಿಂಗ್ ಮಾಡಿಸಿದರೆ ಒಳಮೈ ನುಣುಪಾಗುತ್ತೆ, ಮಾಲೀಕನಿಗೆ ಖುಷಿ. ಆದರೆ ತೆಳುವಾದಷ್ಟೂ ಬಿಸಿ ಹಿಡಿಯೋ ಕಬ್ಬಿಣ ಕಮ್ಮಿ. ಅದೇ ಬ್ರೇಕಿಗೆ ಅದು ಇನ್ನೂ ಜಾಸ್ತಿ ಕಾಯುತ್ತೆ. ಎಷ್ಟು ದೊಡ್ಡದಾಗೋವರೆಗೆ ಕೊರೆಯಬಹುದು ಅನ್ನೋ ಅಳತೆ ಅನೇಕ ಡ್ರಮ್ಮುಗಳ ಮೈಮೇಲೇ ಅಚ್ಚಾಗಿರುತ್ತೆ. ಮಸಿ ಒರೆಸಿ ಓದೋರು ಎಷ್ಟು ಜನ?

ಹತ್ತಿದ ಗೇರಿನಲ್ಲೇ ಇಳೀಬೇಕು ಅನ್ನೋದು ಹಳೇ ಡ್ರೈವರುಗಳ ಪಾಠ. ಈಗಿನ ಕಂಪ್ಯೂಟರಿನ ಲೆಕ್ಕವೂ ಅದರ ಪರವೇ. ಲೈನಿಂಗ್ ಬದಲಾಯಿಸೋಕೆ ಗಾಲಿ ಬಿಚ್ಚಿದ ದಿನ ಡ್ರಮ್ಮಿನ ಒಳಗೆ ಟಾರ್ಚು ಬಿಡಿ. ಮೇಲ್ಮೈಯಲ್ಲಿ ಜೇಡರ ಬಲೆಯಂಥ ಸಣ್ಣ ಗೀರುಗಳಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ. ಬಿರುಕು ಅಂಚಿನ ತನಕ ಓಡಿದ್ದರೆ ಆ ಡ್ರಮ್ಮು ಗುಜರಿಗೆ.