ಜಟಿಂಗ ರಾಮೇಶ್ವರ: ಒಂದು ಕ್ಷೇತ್ರದ ವಿಚಾರ

ಹಿಂದೂ ಧರ್ಮದ ಮುಖ್ಯ ಕಲ್ಪನೆಗಳನ್ನು ಕಾಲೇಜುಗಳಲ್ಲಿ ಬೋಧಿಸುವ ಕ್ರಮವೊಂದು ಬಹುಕಾಲದಿಂದ ರೂಢವಾಗಿದೆ. ಧರ್ಮ, ಕರ್ಮ, ಸಂಸಾರ, ಮೋಕ್ಷ ಎಂಬ ಶಬ್ದಗಳನ್ನು ಕರಿಹಲಗೆಯ ಮೇಲೆ ಬರೆದು, ಒಂದೊಂದಕ್ಕೂ ಒಂದು ಲಕ್ಷಣವಾಕ್ಯವನ್ನು ಹೇಳಿ, ಅಲ್ಲಿಂದ ತ್ರಿಮೂರ್ತಿಗಳ ವಿಷಯಕ್ಕೆ ಸಾಗುವುದು ಆ ಕ್ರಮ. ನಾವೂ ಹಾಗೆಯೇ ಕಲಿತವರು, ಹಾಗೆಯೇ ಕಲಿಸಿದವರು. ಆದರೆ ಹೀಗೆ ಕಲಿತ ವಿದ್ಯಾರ್ಥಿಗೆ ತನ್ನ ಊರಿನ ಜಾತ್ರೆಯಲ್ಲಿ ತಾನು ಕಂಡದ್ದಕ್ಕೂ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಾನು ಬರೆದದ್ದಕ್ಕೂ ಏನು ಸಂಬಂಧವೆಂಬುದು ಹೊಳೆಯುವುದಿಲ್ಲ. ಆದಕಾರಣ ಪ್ರಕೃತ ಲೇಖನದಲ್ಲಿ ಲಕ್ಷಣವಾಕ್ಯಗಳನ್ನು ಬದಿಗಿರಿಸಿ, ಒಂದು ಬೆಟ್ಟವನ್ನು ಹತ್ತಿ, ಅಲ್ಲಿ ಕಾಣುವುದರಿಂದ ಈ ಕಲ್ಪನೆಗಳಲ್ಲಿ ಕೆಲವನ್ನಾದರೂ ತಿಳಿಯಲು ಸಾಧ್ಯವೇ ಎಂಬುದನ್ನು ಪರಿಶೀಲಿಸಬಯಸಿದ್ದೇವೆ.

ಆ ಬೆಟ್ಟವು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ. ಸಮುದ್ರಮಟ್ಟದಿಂದ 3,469 ಅಡಿ ಎತ್ತರವಿರುವ ಈ ಬೆಟ್ಟದ ಮೇಲೆ ರಾಮೇಶ್ವರನ ದೇವಾಲಯವಿದೆ. ಮತ್ತೊಂದು ತುದಿಯಲ್ಲಿ ಜಟಾಯುವಿನ ಗುಡಿಯಿದೆ. ದೇವಾಲಯದ ಮೆಟ್ಟಿಲುಗಳ ಸಮೀಪದಲ್ಲಿ ಹಾಸಿದಂತಿರುವ ಒಂದು ಬಂಡೆಯುಂಟು. ಅದಕ್ಕೆ ಜನ ಇಟ್ಟಿರುವ ಹೆಸರು ಬಳೆಗಾರ ಗುಂಡು. ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಬಳೆಗಾರರು ತಮ್ಮ ಅಂಗಡಿಗಳನ್ನು ಈ ಬಂಡೆಯ ಮೇಲೆಯೇ ಹೂಡುತ್ತಿದ್ದುದರಿಂದ ಬಂದ ಹೆಸರು ಅದು. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಬಂಡೆಯ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವಿರುವುದನ್ನು ಗುರುತಿಸಿದರು. ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಅದೇ ಶಾಸನದ ಪ್ರತಿಗಳು ದೊರೆತುವು. ಮೂರರಲ್ಲಿ ಅತ್ಯಂತ ಸವೆದುಹೋಗಿರುವುದು ಜಟಿಂಗ ರಾಮೇಶ್ವರದ್ದು. ಚಪ್ಪರದ ಗೂಟಗಳನ್ನು ನಿಲ್ಲಿಸಲೆಂದು ಬಂಡೆಯಲ್ಲಿ ಕೊರೆದ ಕುಳಿಗಳೂ, ಮೇಲೆ ಓಡಾಡಿದ ಜನರ ಕಾಲುಗಳೂ ಅಕ್ಷರಗಳನ್ನು ಅಳಿಸಿವೆ. ಅಲ್ಲಿ ಏನು ಬರೆದಿತ್ತೆಂಬುದನ್ನು ನಾವು ಬ್ರಹ್ಮಗಿರಿಯ ಪ್ರತಿಯಿಂದ ತಿಳಿಯಬೇಕಾಗಿದೆ.

ಒಮ್ಮೆ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಅವರಲ್ಲೊಬ್ಬನು, "ಹಾಗಾದರೆ ಇದು ಯಾರ ಬೆಟ್ಟ, ಬೌದ್ಧರದೋ ಹಿಂದೂಗಳದೋ?" ಎಂದು ಕೇಳಿದನು. ಪ್ರಶ್ನೆ ಸಹಜವಾದದ್ದೇ. ಶಾಸನ ಮೊದಲು, ದೇವಾಲಯ ಆಮೇಲೆ. ಆದುದರಿಂದ ಒಂದರ ಸ್ಥಳವನ್ನು ಇನ್ನೊಂದು ಕಸಿದುಕೊಂಡಿತು ಎಂದು ವಾದಿಸುವವರುಂಟು. ಶಾಸನವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬೆಟ್ಟವನ್ನು ತ್ರೇತಾಯುಗಕ್ಕೆ ಒಯ್ಯುವವರೂ ಉಂಟು. ಆ ದಿನ ನಾವು ಕೊಟ್ಟ ಉತ್ತರ ನಮಗೇ ಸಮಾಧಾನ ತರಲಿಲ್ಲ. ಈ ಲೇಖನಕ್ಕೆ ಅದೂ ಒಂದು ಕಾರಣ.

ಮೊದಲು ಶಾಸನವನ್ನೇ ನೋಡೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಆಜ್ಞೆಯು ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಓಲೆ ಇದು. ರಾಜಾಜ್ಞೆಯಾದರೂ ಮೊದಲು ಆರೋಗ್ಯವನ್ನು ವಿಚಾರಿಸಿಯೇ ಮುಂದುವರಿಯುತ್ತದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳಿಗೂ ಮೇಲಾಯಿತೆಂದೂ, ಸಂಘವನ್ನು ಸಮೀಪಿಸಿ ಶ್ರದ್ಧೆಯಿಂದ ನಡೆಯತೊಡಗಿ ಒಂದು ವರ್ಷ ಮೀರಿತೆಂದೂ ದೊರೆ ಹೇಳಿಕೊಳ್ಳುತ್ತಾನೆ. ಈ ಅವಧಿಯಲ್ಲಿ ಜಂಬೂದ್ವೀಪದ ಮನುಷ್ಯರು ದೇವತೆಗಳೊಡನೆ ಬೆರೆತರೆಂಬ ಒಂದು ಮಾತು ಅಲ್ಲಿದೆ. ಅದರ ಅರ್ಥದ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇಂದಿಗೂ ನಿಂತಿಲ್ಲ. ಇಂತಹ ಫಲವು ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಅಲ್ಪರಿಗೂ ದೊರೆಯುವುದೆಂಬುದು ಮುಂದಿನ ಮಾತು. ಇಲ್ಲಿಯವರೆಗಿನದು ಒಬ್ಬ ಬೌದ್ಧ ಉಪಾಸಕನ ನುಡಿಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಎರಡನೆಯ ಭಾಗದಲ್ಲಿ ಧಾಟಿ ಬದಲಾಗುತ್ತದೆ. ತಾಯಿತಂದೆಗಳ ಶುಶ್ರೂಷೆ ಮಾಡಬೇಕು, ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಅಂತೇವಾಸಿಯು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳಲ್ಲಿ ಯಥಾರ್ಹವಾಗಿ ನಡೆದುಕೊಳ್ಳಬೇಕು: ಇಷ್ಟೇ ವಿಧಿ. ಇದು ಹೊಸದೆಂದು ದೊರೆ ಹೇಳುವುದಿಲ್ಲ. ಪುರಾತನವಾದ ನಡೆವಳಿಯೆಂದೇ ಹೇಳುತ್ತಾನೆ. ಈಗ ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯನ್ನು ತೆಗೆದುನೋಡಿ. ವೇದಾಧ್ಯಯನ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಉಪದೇಶಿಸುವ ಪ್ರಸಿದ್ಧ ಭಾಗ ಅದು. ಸತ್ಯವನ್ನು ನುಡಿಯುವುದು, ಧರ್ಮದಲ್ಲಿ ನಡೆಯುವುದು, ತಾಯಿ ತಂದೆ ಆಚಾರ್ಯ ಅತಿಥಿಗಳನ್ನು ದೇವರೆಂದು ಕಾಣುವುದು ಅಲ್ಲಿಯ ವಿಧಿ. ಶಿಷ್ಯನೆಂಬುದಕ್ಕೆ ಅಲ್ಲಿಯೂ ಅಂತೇವಾಸಿ ಎಂಬ ಶಬ್ದವೇ ಇದೆ. ಒಂದು ಗುರುಕುಲದ ಮಾತು, ಇನ್ನೊಂದು ಅರಮನೆಯ ಮಾತು. ಒಂದು ವೈದಿಕ, ಇನ್ನೊಂದು ಬೌದ್ಧನಾದ ದೊರೆಯದು. ಆದರೂ ಗುರುವಿನ ಹತ್ತಿರ ವಾಸಿಸುವವನು ಎಂಬ ಆ ಶಬ್ದವು ಎರಡು ಕಡೆಯೂ ನಿಂತಿದೆ. ಶಾಸನವು ಉಪನಿಷತ್ತಿನಿಂದ ಎತ್ತಿಕೊಂಡಿತೆಂದು ನಾವು ಹೇಳುತ್ತಿಲ್ಲ. ಈ ನಡೆವಳಿಯು ಯಾವುದೇ ಒಂದು ಮತದ ಸ್ವತ್ತಾಗಿರದೆ ಎಲ್ಲರ ಕಿವಿಗೂ ಪರಿಚಿತವಾಗಿತ್ತೆಂಬುದಷ್ಟೇ ನಮ್ಮ ಅಭಿಪ್ರಾಯ. ಧರ್ಮವೆಂಬ ಶಬ್ದಕ್ಕೆ ಮತವೆಂಬ ಅರ್ಥವನ್ನು ಮಾತ್ರ ಹಚ್ಚಿ ಓದುವ ಇಂದಿನ ಅಭ್ಯಾಸಕ್ಕೆ ಈ ಹೋಲಿಕೆ ಒಳ್ಳೆಯ ಮದ್ದು.

ಇನ್ನು ದೇವಾಲಯ. ಅದು ಕ್ರಿ. ಶ. 962ರಲ್ಲಿ ಪುನರ್ನಿರ್ಮಾಣಗೊಂಡುದಾಗಿ ಶಾಸನಾಧಾರದಿಂದ ತಿಳಿಯುತ್ತದೆ. ಈ ಸೀಮೆ ಆಗ ನೊಳಂಬವಾಡಿಗೆ ಸೇರಿತ್ತು. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮನೆತನದವರು, ಅವರಲ್ಲಿಯೂ ಆರನೆಯ ವಿಕ್ರಮಾದಿತ್ಯನ ತಮ್ಮನಾದ ಜಯಸಿಂಹನು, ಇಲ್ಲಿಯ ರಾಮೇಶ್ವರನಿಗೆ ದತ್ತಿ ಬಿಟ್ಟರು. ಅಶೋಕನಿಂದ ಇವರವರೆಗೆ ಹನ್ನೆರಡು ಶತಮಾನಗಳಿಗೂ ಹೆಚ್ಚಿನ ಅಂತರ. ಇಷ್ಟು ದೀರ್ಘವಾದ ಅವಧಿಯನ್ನು ಕಸಿದುಕೊಂಡರೆಂಬ ಒಂದೇ ಕ್ರಿಯಾಪದದಿಂದ ದಾಟಿಬಿಡುವುದು ಇತಿಹಾಸದ ರೀತಿಯಲ್ಲ.

ಆ ಕಾಲದ ಕನ್ನಡ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕ್ರಮ ತಿಳಿದೇ ಇದೆ. ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ತಪೋಧನರ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದು ಭೂಮಿಯನ್ನು ಧಾರೆಯೆರೆದು ಕೊಡುವರು; ಕೊನೆಯಲ್ಲಿ, ಈ ಧರ್ಮವನ್ನು ಪಾಲಿಸಿದವನಿಗೆ ಪುಣ್ಯವನ್ನೂ ಅಳಿದವನಿಗೆ ಪಾಪವನ್ನೂ ಹೇಳುವರು. ಇಲ್ಲಿ ಧರ್ಮವೆಂದರೆ ಆ ದತ್ತಿಯೇ. ನೀರೆರೆದು ಕೊಟ್ಟ ಗದ್ದೆಯೂ ಧರ್ಮ, ಕಟ್ಟಿಸಿದ ಕೆರೆಯೂ ಧರ್ಮ. ಧರ್ಮಛತ್ರ, ಧರ್ಮದ ಊಟ ಎಂಬ ಮಾತುಗಳಲ್ಲಿ ಈ ಅರ್ಥ ಇಂದಿಗೂ ಜೀವಂತವಾಗಿದೆ. ಒಂದೇ ಶಬ್ದವು ಅಶೋಕನ ಕಾಲಕ್ಕೆ ನಡತೆಯಾಗಿ, ಚಾಲುಕ್ಯರ ಕಾಲಕ್ಕೆ ದತ್ತಿಯೂ ಆಗಿ ಬೆಳೆದುದನ್ನು ಈ ಒಂದು ಬೆಟ್ಟದಲ್ಲಿ ನಿಂತು ಕಾಣಬಹುದು.

ಬೆಟ್ಟದ ಸ್ಥಳಪುರಾಣಕ್ಕೆ ಬರೋಣ. ರಾವಣನು ಸೀತೆಯನ್ನು ಕದ್ದೊಯ್ಯುವಾಗ ಅಡ್ಡಗಟ್ಟಿದ ಜಟಾಯು ಬಿದ್ದುದು ಇಲ್ಲಿಯೇ, ಇಲ್ಲಿಯ ಲಿಂಗವನ್ನು ಪ್ರತಿಷ್ಠೆ ಮಾಡಿದವನು ಶ್ರೀರಾಮ ಎಂಬುದು ಜನರ ನಂಬಿಕೆ. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡದ ಪ್ರಕಾರವಾದರೋ ಜಟಾಯುವಿಗೆ ರಾಮಲಕ್ಷ್ಮಣರು ಉದಕವಿತ್ತದ್ದು ಗೋದಾವರಿಯಲ್ಲಿ. ಜಟಾಯು ಬಿದ್ದ ಸ್ಥಳವೆಂದು ಆಂಧ್ರದ ಲೇಪಾಕ್ಷಿಯನ್ನು ಹೇಳುತ್ತಾರೆ, ಕೇರಳದ ಚಡಯಮಂಗಲವನ್ನೂ ಹೇಳುತ್ತಾರೆ. ಇವುಗಳಲ್ಲಿ ಯಾವುದು ದಿಟವೆಂದು ಕೇಳಿದರೆ ಸ್ಥಳಪುರಾಣದ ಉದ್ದೇಶವೇ ಕೈತಪ್ಪುತ್ತದೆ. ಸ್ಥಳಪುರಾಣವು ಎಲ್ಲಿ ನಡೆಯಿತೆಂಬುದನ್ನು ಅಳೆಯುವ ಭೂಗೋಳವಲ್ಲ; ತಮ್ಮ ನೆಲವೂ ಆ ಮಹಾಕಥೆಯ ಒಳಗಿದೆಯೆಂದು ಒಂದು ಸೀಮೆಯ ಜನ ಮಾಡಿಕೊಂಡ ನಿಶ್ಚಯ. ಬಯಲುಸೀಮೆಯ ಈ ಬಂಡೆಗಾಡಿನಲ್ಲಿ ಅವರು ರಾಮಾಯಣದ ಯಾವ ಪ್ರಸಂಗವನ್ನು ಆರಿಸಿಕೊಂಡರೆಂಬುದನ್ನು ಗಮನಿಸಬೇಕು. ಪಟ್ಟಾಭಿಷೇಕವನ್ನಲ್ಲ, ಸೇತುಬಂಧವನ್ನಲ್ಲ, ಸೋತು ಸತ್ತ ಒಂದು ಮುದಿಹದ್ದಿನ ಅಂತ್ಯಸಂಸ್ಕಾರವನ್ನು.

ಆ ಪ್ರಸಂಗದಲ್ಲಿ ಹಿಂದೂ ಆಚರಣೆಯ ಮುಖ್ಯವಾದ ಒಂದು ಕಲ್ಪನೆಯಿದೆ. ಜಟಾಯು ದಶರಥನ ಸ್ನೇಹಿತ. ತನ್ನ ತಂದೆಗೆ ಕೊನೆಯ ಸಂಸ್ಕಾರ ಮಾಡುವ ಅವಕಾಶ ರಾಮನಿಗೆ ದೊರೆಯಲಿಲ್ಲ. ಆತನು ಕಾಡಿನಲ್ಲಿದ್ದನು, ಅಯೋಧ್ಯೆಯಲ್ಲಿ ಕ್ರಿಯೆ ನಡೆಸಿದವನು ಭರತ. ಆ ಕರ್ತವ್ಯವನ್ನು ರಾಮನು ಹಕ್ಕಿಗೆ ಸಲ್ಲಿಸಿದನು. ಪಿತೃಋಣವೆಂಬುದು ರಕ್ತಸಂಬಂಧಕ್ಕೆ ಮಾತ್ರ ಕಟ್ಟುಬಿದ್ದದ್ದಲ್ಲ; ನಮಗಾಗಿ ಪ್ರಾಣ ತೆತ್ತವರು ಯಾರೇ ಆಗಲಿ, ಅವರ ಋಣವೂ ಅದೇ ತೂಕದ್ದೆಂದು ಕಥೆ ಹೇಳುತ್ತದೆ. ತಾಯಿತಂದೆಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ ಎಂದು ಶಾಸನವು ಬೇರೆಬೇರೆಯಾಗಿ ವಿಧಿಸಿದ್ದು ಜಟಾಯುವಿನ ಕಥೆಯಲ್ಲಿ ಒಂದೇ ಕ್ರಿಯೆಯಾಗಿದೆ. ಇದು ಆಕಸ್ಮಿಕವೇ ಇರಬಹುದು. ಆದರೂ ಅದೇ ಬಂಡೆಯ ಪಕ್ಕದಲ್ಲಿ ನಿಂತಾಗ ಮನಸ್ಸಿಗೆ ಬಾರದೆ ಇರುವುದಿಲ್ಲ.

ವಿಷ್ಣುವಿನ ಅವತಾರವಾದ ರಾಮನು ಶಿವಲಿಂಗವನ್ನು ಸ್ಥಾಪಿಸುವ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸೇತುವಿನ ರಾಮೇಶ್ವರ ಎಲ್ಲರಿಗೂ ಗೊತ್ತು. ಕೋಲಾರ ಜಿಲ್ಲೆಯ ಆವನಿಯಲ್ಲಿ ರಾಮನ ಹೆಸರಿನ ಲಿಂಗವಲ್ಲದೆ ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳೂ ಇವೆ. ಅವೂ ನೊಳಂಬರ ಸಂಬಂಧವುಳ್ಳ ಗುಡಿಗಳೇ. ಶೈವ ವೈಷ್ಣವ ಭೇದವನ್ನು ಪಾಠಪುಸ್ತಕದಲ್ಲಿ ಓದಿದವರಿಗೆ ಇದು ವಿಚಿತ್ರವಾಗಿ ಕಂಡೀತು. ಬೆಟ್ಟ ಹತ್ತುವ ಭಕ್ತನಿಗೆ ವಿಚಿತ್ರವಲ್ಲ.

ಹಾಗಾದರೆ ಕ್ಷೇತ್ರವೆಂದರೇನು? ಶಬ್ದಾರ್ಥದಲ್ಲಿ ಅದು ಹೊಲ. ಅದರ ಜೊತೆಯ ಶಬ್ದವಾದ ತೀರ್ಥವು ಹೊಳೆಯನ್ನು ದಾಟುವ ಕಡವು. ಎರಡೂ ರೈತನ, ದಾರಿಗನ ಮಾತುಗಳು. ಉಳದೆ ಬಿಟ್ಟ ಹೊಲ ಬೀಳಾಗುತ್ತದೆ, ಯಾರೂ ದಾಟದ ಕಡವು ಮುಚ್ಚಿಹೋಗುತ್ತದೆ. ಜನ ಬಂದು ನಡೆದುಕೊಳ್ಳುವುದರಿಂದಲೇ ಕ್ಷೇತ್ರ ಉಳಿಯುವುದು. ದೇವರಿಗೆ ಭಕ್ತರಾಗಿರುವುದನ್ನು ನಮ್ಮ ಹಳ್ಳಿಗಳಲ್ಲಿ ಆ ದೇವರಿಗೆ ನಡೆದುಕೊಳ್ಳುವುದು ಎಂದೇ ಹೇಳುತ್ತಾರೆ. ಬ್ರಹ್ಮಗಿರಿಯ ಶಾಸನಶಿಲೆಗೆ ಅಕ್ಷರಗುಂಡು ಎಂದು ಹೆಸರು. ಅಕ್ಷರಗಳನ್ನು ಓದಬಲ್ಲವರು ಯಾರೂ ಇಲ್ಲದ ಕಾಲದಲ್ಲಿಯೂ ಆ ಬಂಡೆಗೆ ರೋಗ ವಾಸಿಮಾಡುವ ಗುಣವಿದೆಯೆಂದು ಸುತ್ತಣ ಜನ ನಂಬಿದ್ದರು. ಆಜ್ಞೆ ಮರೆತುಹೋಯಿತು, ಬಂಡೆಯ ಮೇಲಿನ ಭಕ್ತಿ ಮರೆಯಲಿಲ್ಲ.

ಬಳೆಗಾರರ ವಿಷಯವನ್ನು ಕೊನೆಗೆಂದು ಇರಿಸಿಕೊಂಡಿದ್ದೆವು. ಜಾತ್ರೆಯಲ್ಲಿ ಬಳೆ ತೊಡುವುದನ್ನು ಬರಿಯ ವ್ಯಾಪಾರವೆಂದು ಎಣಿಸಲಾಗದು. ಬಳೆ ಸೌಭಾಗ್ಯದ ಗುರುತು. ಅದು ಒಡೆದರೆ ಒಡೆಯಿತೆಂದು ಹೇಳದೆ ಹೆಚ್ಚಿತೆಂದು ಹೇಳುವರು. ತೊಟ್ಟಾದ ಮೇಲೆ ಬಳೆಗಾರನಿಗೆ ಕೈಮುಗಿಯುವ ರೂಢಿಯೂ ಉಂಟು. ದೇವರ ದರ್ಶನ ಮಾಡಿ ಇಳಿಯುವ ಹೆಣ್ಣುಮಗಳಿಗೆ ಮುಂಗೈ ತುಂಬ ತೊಟ್ಟ ಬಳೆಯೂ ಕ್ಷೇತ್ರದ ಪ್ರಸಾದವೇ. (ವಿಧವೆಯರನ್ನು ಈ ಸಂಭ್ರಮದಿಂದ ಹೊರಗಿರಿಸಿದ ಪದ್ಧತಿಯ ಕ್ರೌರ್ಯವನ್ನು ಇಲ್ಲಿ ಮರೆಮಾಚಬೇಕಾಗಿಲ್ಲ.) ಆದುದರಿಂದ ಬಂಡೆಯಲ್ಲಿ ಕುಳಿ ತೋಡಿದವರು ಪರರ ಮತದ ಶಾಸನವನ್ನು ಕೆಡಿಸಲು ಬಂದವರಲ್ಲ. ಅದರಲ್ಲಿ ಬರಹವಿದೆಯೆಂಬುದು ಅವರಿಗೆ ತಿಳಿದಿದ್ದಿತೆಂದು ಭಾವಿಸಲು ಕಾರಣವಿಲ್ಲ. ಬಿಸಿಲಿಗೊಂದು ನೆರಳು ಅವರಿಗೆ ಬೇಕಾಗಿತ್ತು.

ಹೀಗೆಂದು ನಷ್ಟ ನಷ್ಟವಲ್ಲವೆಂದು ಹೇಳಲಾಗದು. ಕನ್ನಡನಾಡಿನ ಅತಿ ಪ್ರಾಚೀನ ಲಿಖಿತಗಳಲ್ಲೊಂದು ಕಾಲ ಕೆಳಗೆ ಸವೆದುಹೋಯಿತು. ಬ್ರಹ್ಮಗಿರಿಯ ಪ್ರತಿಯೂ ಉಳಿಯದೆ ಹೋಗಿದ್ದರೆ ನಮಗೆ ದಕ್ಕುತ್ತಿದ್ದುದು ಬಹಳ ಸ್ವಲ್ಪ. ಬಂಡೆ ಈಗ ಸಂರಕ್ಷಿತ ಸ್ಮಾರಕ, ಅದು ಹಾಗೆಯೇ ಇರತಕ್ಕದ್ದು. ಆದರೆ ಆ ಕುಳಿಗಳನ್ನೂ ಪುರಾವೆಯೆಂದು ಓದಬೇಕೆಂಬುದು ನಮ್ಮ ಮತ. ಚಪಡನೆಂಬ ಲಿಪಿಕಾರನು ಈ ಸೀಮೆಯ ಶಾಸನದ ಕೊನೆಯಲ್ಲಿ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರನೆಂಬುದನ್ನು ಮಾತ್ರ ದೂರದ ವಾಯವ್ಯ ಪ್ರಾಂತದ ಖರೋಷ್ಠಿಯಲ್ಲಿ ಬರೆದನು. ಬಳೆಗಾರರು ಹೆಸರು ಬರೆಯಲಿಲ್ಲ. ಆ ವಿದ್ಯಾರ್ಥಿ ಮತ್ತೊಮ್ಮೆ ಕೇಳಿದರೆ, ಚಪಡನ ಅಕ್ಷರಗಳನ್ನೂ ಗೂಟದ ಕುಳಿಗಳನ್ನೂ ಒಟ್ಟಿಗೆ ನಕ್ಷೆಯಲ್ಲಿ ಗುರುತಿಸಿ, ಯಾವ ಕುಳಿ ಯಾವ ಸಾಲಿನ ಮೇಲೆ ಬಿದ್ದಿದೆಯೆಂದು ಬರೆದುಕೊಂಡು ಬಾ ಎಂದು ಕಳುಹಿಸುತ್ತೇವೆ.