ಇಲಿಯ ಬೆನ್ನಿನಲ್ಲಿ ಎರಡು ಹನಿ ಮದ್ದು

ಅಕ್ಕಂದಿರೇ, ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕೋದು ನಿಮಗೆ ಗೊತ್ತು. ಹೋಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿ ಇಡ್ತೀವಿ. ಒಂದು ಹನಿ ನೀರೂ ಹಾಕಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಜಾಡಿಯಲ್ಲಿ ನೀರು ನಿಂತಿರುತ್ತೆ. ಎಲ್ಲಿಂದ ಬಂತು? ಹಣ್ಣಿನ ಒಳಗಿದ್ದ ನೀರನ್ನು ಉಪ್ಪು ಹೊರಗೆ ಎಳೆಯಿತು.

ಉಪ್ಪಿನ ಈ ಗುಣದಿಂದಲೇ ನಡೆಯುವ ಒಂದು ಪುಟ್ಟ ಪಂಪು ಇದೆ. ಅದಕ್ಕೆ ಕರೆಂಟು ಬೇಡ, ಬ್ಯಾಟರಿ ಬೇಡ.

ದೊಡ್ಡಉಳ್ಳಾರ್ತಿ ಕಡೆ ಕುರಿ ಸಾಕುವವರಿಗೆ ಔಷಧಿ ಕುಡಿಸುವ ಪಾಡು ಗೊತ್ತು. ಒಬ್ಬರು ಕುರಿ ಹಿಡೀಬೇಕು, ಒಬ್ಬರು ಗೊಟ್ಟದಲ್ಲಿ ಹುಯ್ಯಬೇಕು. ಅರ್ಧ ಹೊಟ್ಟೆಗೆ, ಅರ್ಧ ನೆಲಕ್ಕೆ! 1955ರಲ್ಲಿ ಆಸ್ಟ್ರೇಲಿಯಾದ ರೋಸ್ ಮತ್ತು ನೆಲ್ಸನ್ ಎಂಬುವರು ಇಂಥ ಪಂಪನ್ನು ಮೊದಲು ಮಾಡಿದ್ದೇ ಕುರಿ, ದನಗಳಿಗಾಗಿ. 1970ರ ದಶಕದಲ್ಲಿ ಅಮೆರಿಕದ ಆಲ್ಜಾ ಕಂಪನಿಯವರು ಅದನ್ನು ಇಲಿಯ ಚರ್ಮದ ಕೆಳಗೆ ಇಡುವಷ್ಟು ಚಿಕ್ಕದು ಮಾಡಿದರು.

ಅದರ ಉದ್ದ ಸುಮಾರು ಒಂದೂವರೆ ಸೆಂಟಿಮೀಟರು. ನಡುವೆ ಮದ್ದು ತುಂಬಿದ ಮೆತ್ತನೆ ಚೀಲ. ಚೀಲದ ಸುತ್ತ ಉಪ್ಪು. ಉಪ್ಪಿನ ಹೊರಗೆ ಒಂದು ಪೊರೆ. ಈ ಪೊರೆ ನೀರನ್ನು ಒಳಗೆ ಬಿಡುತ್ತೆ, ಉಪ್ಪನ್ನು ಹೊರಗೆ ಬಿಡಲ್ಲ. ಇಲಿಯ ಮೈಯ ನೀರನ್ನು ಉಪ್ಪು ಎಳೆದುಕೊಳ್ಳುತ್ತೆ. ಒಳಗೆ ಬಂದ ನೀರು ಚೀಲವನ್ನು ಅದುಮುತ್ತೆ. ಮದ್ದು ಸಣ್ಣ ತೂತಿನಿಂದ ಹೊರಗೆ ಬರುತ್ತೆ. ಚೀಲ ಹಿಡಿಯೋದು ಬರೀ ಎರಡು ಹನಿ. ಆ ಎರಡು ಹನಿ ಒಂದು ತಿಂಗಳವರೆಗೂ ಬರುವ ಪಂಪುಗಳಿವೆ.

ಸೂಜಿ ಚುಚ್ಚಿದರೆ ಆಗಲ್ವಾ? ಕೆಲವು ಮದ್ದು ಸ್ವಲ್ಪ ಹೊತ್ತಿನಲ್ಲೇ ರಕ್ತದಿಂದ ಹೋಗಿಬಿಡುತ್ತೆ. ಮತ್ತೆ ಮತ್ತೆ ಚುಚ್ಚಬೇಕಾಗುತ್ತೆ. ಇಲಿ ಹೆದರುತ್ತೆ. ಹೆದರಿದ ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಏರುಪೇರು ಆಗುತ್ತೆ. ಪರೀಕ್ಷೆ ಮಾಡಬೇಕಾದ್ದೇ ಆ ಶಕ್ತಿಯನ್ನು. ಆಗ ಸಿಗುವ ಲೆಕ್ಕ ತಪ್ಪು.

ಈ ಪರೀಕ್ಷೆ ಯಾಕೆ ಬೇಕು? ತಾಯಿಯೇ ಮಗನಿಗೆ ಮೂತ್ರಪಿಂಡ ಕೊಟ್ಟಳು ಅನ್ನಿ. ಹೆತ್ತವಳದ್ದಾದರೂ ಮಗನ ಮೈ ಅದನ್ನು ಹೊರಗಿನದು ಅಂತ ಹೊಡೆಯೋಕೆ ಹೋಗುತ್ತೆ. ಅದನ್ನು ತಡೆಯಲು ಮಗ ದಿನಾ ಮಾತ್ರೆ ನುಂಗಬೇಕು. ಅಂಥ ಮದ್ದುಗಳನ್ನು ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳ ಮೇಲೆ ನೋಡಿದ್ದಾರೆ.

ಒಂದು ಮಾತು ಮುಚ್ಚಿಡಬಾರದು. ಪಂಪು ಇಡುವಾಗ ಇಲಿಗೆ ಮಂಪರು ಕೊಡ್ತಾರೆ, ನಿಜ. ಆದರೆ ಪರೀಕ್ಷೆ ಮುಗಿದ ಮೇಲೆ ಬಹಳ ಸಲ ಅದನ್ನು ಕೊಲ್ಲುತ್ತಾರೆ. ನಮಗೂ ಇದನ್ನು ಬರೆಯುವಾಗ ಕಸಿವಿಸಿ ಆಯಿತು. ಪ್ರಾಣಿಹಿಂಸೆ ತಡೆಯಲು ನಮ್ಮ ದೇಶದಲ್ಲಿ 1960ರ ಕಾಯಿದೆ ಇದೆ. ಪರೀಕ್ಷೆ ಮಾಡುವವರು ಮೊದಲು ಒಂದು ಸಮಿತಿಯ ಒಪ್ಪಿಗೆ ಪಡೆಯಬೇಕು. ಇಲಿ ಇಲ್ಲದೆ ಈ ಕೆಲಸ ಆಗಲ್ವಾ, ಎಷ್ಟು ಇಲಿ ಬೇಕು, ನೋವು ಹೇಗೆ ತಡೀತೀರಿ ಎಂಬುದಕ್ಕೆ ಅಲ್ಲಿ ಉತ್ತರ ಕೊಡಬೇಕು.